ಕಾಸರಗೋಡನ್ನು ಯಾವ ಕಪಾಟಿನಲ್ಲಿ ಹುಡುಕುವುದು?

ಕಾಸರಗೋಡಿನ ಚರಿತ್ರೆಯ ಬಗ್ಗೆ ಕಿರುಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗೆ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಒಂದು ಕಪಾಟು ನೋಡಿದರೆ ಸಾಲದು. ಹೆಚ್ಚಿನ ಗ್ರಂಥಾಲಯಗಳು ಅನುಸರಿಸುವ ಡ್ಯೂಯಿ ದಶಾಂಶ ವರ್ಗೀಕರಣದಲ್ಲಿ ಕೇರಳದ ಚರಿತ್ರೆಗೆ 954.83 ಎಂಬ ಸಂಖ್ಯೆ, ಕರ್ನಾಟಕಕ್ಕೆ 954.87, ತಮಿಳುನಾಡಿಗೆ 954.82. ಕಾಸರಗೋಡಾದರೋ 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಹಾಗಾಗಿ ಈಚಿನ ಪುಸ್ತಕಗಳು ಕೇರಳದ ಸಾಲಿನಲ್ಲಿ, ದಕ್ಷಿಣ ಕನ್ನಡದ ಹಳೆಯ ಪುಸ್ತಕಗಳು ಕರ್ನಾಟಕದ ಸಾಲಿನಲ್ಲಿ, ಮದರಾಸು ಸರ್ಕಾರದ ವರದಿಗಳು ಕೆಲವು ಕಡೆ ತಮಿಳುನಾಡಿನ ಸಾಲಿನಲ್ಲಿ ಕುಳಿತಿರುತ್ತವೆ. ಗಡಿಯ ಗೊಂದಲ ಗ್ರಂಥಾಲಯದೊಳಗೂ ಇದೆ. ಅಲ್ಲಿ ಯಾರೂ ಮೆರವಣಿಗೆ ಮಾಡುವುದಿಲ್ಲ, ಅಷ್ಟೇ.

ಇದು ಗ್ರಂಥಪಾಲಕರ ತಪ್ಪಲ್ಲ. ಒಂದು ಪುಸ್ತಕವನ್ನು ಒಂದೇ ಜಾಗದಲ್ಲಿ ಇಡಲು ಸಾಧ್ಯ, ಯಾವುದಾದರೂ ಒಂದು ಸಂಖ್ಯೆ ಕೊಡಲೇಬೇಕು. ಓದುಗ ತಿಳಿದಿರಬೇಕಾದದ್ದು ಇಷ್ಟು: ಶೈಕ್ಷಣಿಕ ಮಾಹಿತಿಯನ್ನು ಹುಡುಕುವುದು ಎಂದರೆ ಬೇರೊಬ್ಬರು ಆ ವಿಷಯಕ್ಕೆ ಯಾವ ಹೆಸರಿಟ್ಟು ಎಲ್ಲಿ ಇಟ್ಟಿದ್ದಾರೆ ಎಂದು ಊಹಿಸುವುದು. ಉಲ್ಲೇಖ ಕೊಡುವುದು ಎಂದರೆ ತಾನು ಎಲ್ಲಿಂದ ತಂದೆ ಎಂಬುದನ್ನು ಮುಂದಿನವರು ಊಹಿಸಬೇಕಾಗದಂತೆ ಬರೆದಿಡುವುದು. ಇವೆರಡೂ ಒಂದೇ ಕೆಲಸದ ಎರಡು ತುದಿಗಳು. ನಮ್ಮ ಕಾಲೇಜುಗಳಲ್ಲಿ ಎರಡನೆಯದನ್ನು ಪ್ರಬಂಧ ಸಲ್ಲಿಸುವ ಹಿಂದಿನ ವಾರ ಹೇಳಿಕೊಡುತ್ತಾರೆ, ಮೊದಲನೆಯದನ್ನು ಹೇಳಿಕೊಡುವುದೇ ಅಪರೂಪ.

ಹೆಸರುಗಳ ಪಟ್ಟಿ

ಮೊಬೈಲಿನಲ್ಲಿ ಊರಿನ ಹೆಸರು ಹಾಕಿ ಹುಡುಕಿದರೆ ಪ್ರವಾಸಿ ತಾಣಗಳ ವಿವರ, ಸುದ್ದಿಗಳು, ಬೇಕಲ ಕೋಟೆಯ ಚಿತ್ರಗಳು ಧಾರಾಳವಾಗಿ ಸಿಗುತ್ತವೆ. ಸಂಶೋಧನೆಗೆ ಬೇಕಾದದ್ದು ಸಿಗುವುದಿಲ್ಲ. ಸಿಗದಿರಲು ಒಂದು ಕಾರಣ, ಅದು ಬೇರೆ ಹೆಸರಿನಲ್ಲಿರುವುದು. ಆದ್ದರಿಂದ ಗಣಕಯಂತ್ರದ ಮುಂದೆ ಕೂರುವ ಮೊದಲು ಒಂದು ಹಾಳೆ ತೆಗೆದುಕೊಂಡು ವಿಷಯಕ್ಕೆ ಇರಬಹುದಾದ ಹೆಸರುಗಳನ್ನೆಲ್ಲ ಬರೆಯುವುದು ಒಳ್ಳೆಯದು. ಕಾಸರಗೋಡಿನ ಶಾಲೆಗಳ ಚರಿತ್ರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

1956ಕ್ಕಿಂತ ಹಿಂದಿನ ಕಾಲಕ್ಕೆ ಬೇಕಾದ ಹೆಸರು ಸೌತ್ ಕೆನರಾ. ಮದರಾಸು ಸರ್ಕಾರದ ಶಿಕ್ಷಣ ಇಲಾಖೆಯ ವಾರ್ಷಿಕ ವರದಿಗಳು, 1894ರಲ್ಲಿ ಮೊದಲ ಸಂಪುಟ ಹೊರಬಂದ ಜಿಲ್ಲಾ ಮ್ಯಾನುಯಲ್ ಎಂಬ ಸರ್ಕಾರಿ ಕೈಪಿಡಿ, ಜನಗಣತಿಯ ಕೋಷ್ಟಕಗಳು ಎಲ್ಲವೂ ಆ ಹೆಸರಿನಲ್ಲಿವೆ. 1957ರಿಂದ 1984ರ ತನಕ ಕಾಸರಗೋಡು ಕಣ್ಣೂರು ಜಿಲ್ಲೆಯ ಭಾಗ, ಅದೂ ಇಂಗ್ಲಿಷ್ ಕಡತಗಳಲ್ಲಿ ಕ್ಯಾನನೋರ್. 1984ರ ಮೇ 24ರ ನಂತರವಷ್ಟೇ ಕಾಸರಗೋಡು ಎಂಬ ಜಿಲ್ಲೆ. ಹಾಗಾಗಿ ಕಾಸರಗೋಡು ಜಿಲ್ಲೆಯ ಹೆಸರಿನಲ್ಲಿ ಜನಗಣತಿಯ ಅಂಕಿಗಳು ಸಿಗುವುದು 1991ರಿಂದ. 1951ರದ್ದು ಬೇಕಾದರೆ ಮದರಾಸು ರಾಜ್ಯದ ಸಂಪುಟಕ್ಕೂ 1961ರದ್ದು ಬೇಕಾದರೆ ಕೇರಳದ ಸಂಪುಟದಲ್ಲಿ ಕಣ್ಣೂರು ಜಿಲ್ಲೆಗೂ ಹೋಗಬೇಕು.

ಇಲ್ಲಿ ಇನ್ನೊಂದು ಗುಂಡಿ ಇದೆ, ಬೀಳುವವರು ಬಹಳ. 1957ರಲ್ಲಿ ಹಳೆಯ ಕಾಸರಗೋಡು ತಾಲೂಕಿನಿಂದ ಹೊಸದುರ್ಗ ತಾಲೂಕನ್ನು ಬೇರ್ಪಡಿಸಲಾಯಿತು. ಈಚೆಗೆ ಮಂಜೇಶ್ವರ, ವೆಳ್ಳರಿಕುಂಡು ತಾಲೂಕುಗಳೂ ಆಗಿವೆ. ಅಂದರೆ 1951ರ ‘ಕಾಸರಗೋಡು ತಾಲೂಕು’, 1961ರ ‘ಕಾಸರಗೋಡು ತಾಲೂಕು’, ಇಂದಿನ ‘ಕಾಸರಗೋಡು ತಾಲೂಕು’ ಮೂರೂ ಬೇರೆ ಬೇರೆ ನೆಲ. ಮೂರರ ಕನ್ನಡಿಗರ ಸಂಖ್ಯೆಯನ್ನು ಅಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎಂದು ಬರೆದರೆ ಕೋಷ್ಟಕ ಸರಿಯಾಗಿದ್ದರೂ ವಾದ ತಪ್ಪಾಗುತ್ತದೆ. ಗಡಿ ವಿವಾದದ ಬಗ್ಗೆ ಎರಡೂ ಕಡೆಯವರು ಬರೆದ ಲೇಖನಗಳಲ್ಲಿ ಈ ಬಗೆಯ ಹೋಲಿಕೆ ಬಂದಾಗಲೆಲ್ಲ ಯಾವ ಗಡಿಯೊಳಗಿನ ಎಣಿಕೆ ಎಂದು ಕೇಳಿಕೊಳ್ಳಬೇಕು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಹೇಳಿದ ಮಹಾಜನ ಆಯೋಗದ ವರದಿಯನ್ನು ಓದುವಾಗಲೂ ಇದೇ ಪ್ರಶ್ನೆ ಕೈಯಲ್ಲಿರಬೇಕು.

ಕಾಗುಣಿತದ ಕಷ್ಟ ಬೇರೆ. ರೋಮನ್ ಲಿಪಿಯಲ್ಲಿ ಕಾಸರಗೋಡನ್ನು ‘ಆರ್’ ಆದ ಮೇಲೆ ‘ಎ’ ಸೇರಿಸಿ ಬರೆಯುವವರಿದ್ದಾರೆ, ಬಿಟ್ಟು ಬರೆಯುವವರಿದ್ದಾರೆ, ಕೊನೆಯಲ್ಲಿ ‘ಇ’ ಅಂಟಿಸುವವರಿದ್ದಾರೆ. ಲೇಖನಗಳನ್ನು ಹುಡುಕಲು ಇರುವ ಹಲವು ದತ್ತಸಂಚಯಗಳಲ್ಲಿ (ಡೇಟಾಬೇಸ್) ಪದದ ಮೊದಲ ಭಾಗ ಬರೆದು ನಕ್ಷತ್ರ ಚಿಹ್ನೆ ಹಾಕಿದರೆ ಮುಂದಿನದು ಏನಿದ್ದರೂ ಹುಡುಕಿ ಕೊಡುತ್ತದೆ. ‘ಕಾಸರ್’ ಎಂಬಲ್ಲಿಗೆ ನಿಲ್ಲಿಸಿ ನಕ್ಷತ್ರ ಹಾಕಿದರೆ ಮೂರೂ ರೂಪಗಳು ಒಂದೇ ಬಲೆಗೆ ಬೀಳುತ್ತವೆ. ವಿದ್ವತ್ ಬರಹಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರಿನಲ್ಲಿ ಈ ಉಪಾಯ ನಡೆಯುವುದಿಲ್ಲ; ಅಲ್ಲಿ ಒಂದೊಂದನ್ನೂ ಬೇರೆ ಬೇರೆಯಾಗಿ ಬರೆಯಬೇಕು.

ಮಹಾಪ್ರಬಂಧಗಳಿಗೂ ಒಂದೇ ಮನೆಯಿಲ್ಲ. ಇಲ್ಲಿನ ಕಾಲೇಜುಗಳು ಕಾಲಕಾಲಕ್ಕೆ ಕೇರಳ, ಕಲ್ಲಿಕೋಟೆ, ಕಣ್ಣೂರು ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದವು. ಕನ್ನಡದಲ್ಲಿ ಸಂಶೋಧನೆ ಮಾಡಿದ ಇಲ್ಲಿನ ಅನೇಕರು ಗಡಿ ದಾಟಿ ಮಂಗಳೂರಿನಲ್ಲಿ ಪದವಿ ಪಡೆದರು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಆಗುವ ಮೊದಲು ಕೊಣಾಜೆಯಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ, ಆದ್ದರಿಂದ ಅದಕ್ಕೂ ಹಿಂದಿನದನ್ನು ಮೈಸೂರಿನಲ್ಲಿ ವಿಚಾರಿಸಬೇಕು. 2009ರಲ್ಲಿ ಆರಂಭವಾಗಿ ಈಗ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ ಈ ಸಾಲಿನಲ್ಲಿ ಹೊಸತು.

ಸೂಚಿಯಲ್ಲಿ ಗೋವಿಂದ ಪೈ

ಗ್ರಂಥಾಲಯದ ಆನ್‌ಲೈನ್ ಸೂಚಿಯನ್ನು ಒಪ್ಯಾಕ್ ಎನ್ನುತ್ತಾರೆ. ಅದು ಪುಸ್ತಕದ ಒಳಗೆ ಏನಿದೆ ಎಂದು ನೋಡುವುದಿಲ್ಲ; ಪುಸ್ತಕದ ಬಗ್ಗೆ ಸಿಬ್ಬಂದಿ ಟೈಪ್ ಮಾಡಿದ ಕೆಲವು ಸಾಲುಗಳನ್ನು ಮಾತ್ರ ನೋಡುತ್ತದೆ. ಇದನ್ನು ಮರೆತವರು ಉದ್ದುದ್ದ ವಾಕ್ಯ ಬರೆದು ಏನೂ ಸಿಗಲಿಲ್ಲ ಎಂದು ಎದ್ದು ಹೋಗುತ್ತಾರೆ. ಅಲ್ಲಿ ಎರಡು ಮೂರು ಪದಗಳೇ ಹೆಚ್ಚು.

ಮಂಜೇಶ್ವರದ ಗೋವಿಂದ ಪೈಗಳು 1949ರಲ್ಲಿ ಮದರಾಸು ಸರ್ಕಾರದಿಂದ ರಾಷ್ಟ್ರಕವಿ ಎನಿಸಿಕೊಂಡವರು. ಆದರೆ ಅವರು ಒಂದು ಸೂಚಿಯಲ್ಲಿ ‘ಗೋವಿಂದ ಪೈ, ಎಂ.’, ಇನ್ನೊಂದರಲ್ಲಿ ‘ಪೈ, ಎಂ. ಗೋವಿಂದ’, ಮತ್ತೊಂದರಲ್ಲಿ ‘ಮಂಜೇಶ್ವರ ಗೋವಿಂದ ಪೈ’ ಆಗಿರಬಹುದು. ರೋಮನ್ ಲಿಪಿಯಲ್ಲಿ ನಮೂದಿಸಿದ ಕಡೆ ಕನ್ನಡದಲ್ಲಿ ಹುಡುಕಿದರೆ ಅವರು ಇಲ್ಲವೇ ಇಲ್ಲ. ಕಯ್ಯಾರ ಕಿಞ್ಞಣ್ಣ ರೈಗಳ ಸ್ಥಿತಿ ಇನ್ನೂ ಕಷ್ಟ. ಆ ‘ಞ್ಞ’ವನ್ನು ಕೀಲಿಮಣೆಯಲ್ಲಿ ಹೊಡೆಯಲು ತಿಳಿಯದೆ ಒಬ್ಬೊಬ್ಬರು ಒಂದೊಂದು ರೂಪ ಬರೆದಿದ್ದಾರೆ. ಇಂಥ ಕಡೆ ಹೆಸರಿನಲ್ಲಿ ಕೆಡಲಾರದ ಭಾಗವನ್ನು ಹಿಡಿಯಬೇಕು: ‘ಕಯ್ಯಾರ’ ಎಂದಷ್ಟೇ ಹಾಕಿ ನೋಡುವುದು, ಇಲ್ಲವೇ ಕೃತಿಯ ಹೆಸರಿನ ಒಂದು ಪದದಿಂದ ಹೋಗುವುದು.

ಒಂದು ಪುಸ್ತಕ ಸಿಕ್ಕಿತು ಎನ್ನೋಣ. ಅದರ ದಾಖಲೆಯನ್ನು ತೆರೆದರೆ ವಿಷಯ ಶೀರ್ಷಿಕೆ ಎಂಬ ಒಂದು ಸಾಲು ಕಾಣುತ್ತದೆ. ಅದನ್ನು ಒತ್ತಿದರೆ ಅದೇ ಶೀರ್ಷಿಕೆ ಪಡೆದ ಬೇರೆ ಪುಸ್ತಕಗಳೆಲ್ಲ ಬರುತ್ತವೆ. ನಾವು ಊಹಿಸುತ್ತಿದ್ದ ಹೆಸರನ್ನು ಸೂಚಿಯೇ ಹೇಳಿಕೊಟ್ಟಂತಾಯಿತು. ಆಮೇಲೆ ಪುಸ್ತಕದ ಜಾಗ ತಿಳಿಸುವ ಕರೆಸಂಖ್ಯೆ ಬರೆದುಕೊಂಡು ಕಪಾಟಿಗೆ ಹೋದಾಗ ಬೇಕಾದ ಪುಸ್ತಕವನ್ನು ಎಳೆದುಕೊಂಡು ಓಡಬೇಡಿ; ಅದರ ಎಡಬಲದಲ್ಲಿ ಇರುವವನ್ನೂ ನೋಡಿ. ಕನ್ನಡ ಸಾಹಿತ್ಯವಾದರೆ 894.814ರ ಸಾಲು. ವರ್ಗೀಕರಣದ ಉದ್ದೇಶವೇ ಒಂದೇ ವಿಷಯದವನ್ನು ಅಕ್ಕಪಕ್ಕ ಕೂರಿಸುವುದು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು, ಮುಂದೆ 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸಬೇಕು ಎಂಬುದು. ಕಪಾಟಿನ ಮುಂದೆ ಹತ್ತು ನಿಮಿಷ ನಿಲ್ಲುವುದರಿಂದ ಉಳಿಯುವ ಸಮಯ ಕಡಿಮೆಯಲ್ಲ.

ಕೊಳೆರೋಗದ ಬೆನ್ನು ಹತ್ತಿ

ಪುಸ್ತಕ ಬರುವಷ್ಟರಲ್ಲಿ ವಿಜ್ಞಾನದ ವಿಷಯ ಹಳತಾಗಿರುತ್ತದೆ. ಅಲ್ಲಿ ಮುಖ್ಯವಾದದ್ದು ನಿಯತಕಾಲಿಕಗಳ ಲೇಖನ. ಲೇಖನವನ್ನು ಒಪ್ಯಾಕಿನಲ್ಲಿ ಹುಡುಕುವಂತಿಲ್ಲ, ಅದಕ್ಕೆ ದತ್ತಸಂಚಯಗಳು ಬೇಕು. ಎಣ್ಮಕಜೆಯ ಅಡಿಕೆ ತೋಟದ ಮನೆಯಿಂದ ಬಂದ ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಕೊಳೆರೋಗದ ಮೇಲೆ ಬರೆಯಬೇಕೆಂದಿಟ್ಟುಕೊಳ್ಳಿ. ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಹೊಡೆಯುವುದನ್ನು ನೋಡುತ್ತ ಬೆಳೆದವಳು. ವಿಷಯ ಗೊತ್ತು, ವಿಷಯದ ಹೆಸರುಗಳು ಗೊತ್ತಿಲ್ಲ.

ಅಡಿಕೆಯನ್ನು ಭಾರತದ ಕೃಷಿ ವಿಜ್ಞಾನಿಗಳು ಇಂಗ್ಲಿಷಿನಲ್ಲಿ ‘ಅರೆಕನಟ್’ ಎಂದು ಒಂದೇ ಪದವಾಗಿ ಬರೆಯುತ್ತಾರೆ. ಹೊರಗಿನವರು, ವೈದ್ಯರು ಹೆಚ್ಚಾಗಿ ಎರಡು ಪದವಾಗಿ ಬಿಡಿಸುತ್ತಾರೆ. ‘ಬೀಟಲ್ ನಟ್’ ಎಂದು ಹುಡುಕಿದರೆ ಬಾಯಿಯ ಕ್ಯಾನ್ಸರಿನ ಲೇಖನಗಳ ರಾಶಿ ಬಂದು ಬೀಳುತ್ತದೆ. ಇವೆಲ್ಲಕ್ಕಿಂತ ನಂಬಬಹುದಾದದ್ದು ‘ಅರೆಕ ಕ್ಯಾಟೆಚು’ ಎಂಬ ಶಾಸ್ತ್ರೀಯ ಹೆಸರು. ರೋಗಕ್ಕೆ ಇಂಗ್ಲಿಷಿನಲ್ಲಿ ‘ಫ್ರೂಟ್ ರಾಟ್’. ಮಲಯಾಳದ ‘ಮಹಾಳಿ’ಯೂ ನಮ್ಮ ‘ಕೊಳೆರೋಗ’ವೂ ರೋಮನ್ ಲಿಪಿಯಲ್ಲಿ ಹಾಗೆಯೇ ವಿಜ್ಞಾನದ ಬರಹಗಳಿಗೆ ಹೋಗಿವೆ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಮೇಲೆ ಪ್ರಕಟಿಸಿದ ಬುಲೆಟಿನ್ ಇಂದಿಗೂ ಲೇಖನಗಳ ಕೊನೆಯಲ್ಲಿ ಕಾಣಿಸುತ್ತದೆ. ಆದರೆ ಬರೀ ‘ಕೊಳೆರೋಗ’ ಎಂದು ಹಾಕಿದರೆ ಕಾಫಿಯ ಕಪ್ಪು ಕೊಳೆಯ ಲೇಖನಗಳೂ ಬರುತ್ತವೆ, ಏಕೆಂದರೆ ಅದರ ಶಿಲೀಂಧ್ರದ ಶಾಸ್ತ್ರೀಯ ಹೆಸರಿನಲ್ಲೇ ಈ ಪದ ಸೇರಿಕೊಂಡಿದೆ. ಅಡಿಕೆಯ ರೋಗಕಾರಕ ಬೇರೆ, ಫೈಟೋಫ್ತೋರಾ ಎಂಬ ಕುಲದ್ದು. ಅದರ ಪ್ರಭೇದದ ಹೆಸರು ಲೇಖನದಿಂದ ಲೇಖನಕ್ಕೆ ಬದಲಾಗುವುದರಿಂದ ಕುಲದ ಹೆಸರಿಗೇ ನಿಲ್ಲುವುದು ಕ್ಷೇಮ.

ಈ ಹೆಸರುಗಳನ್ನು ಜೋಡಿಸಲು ದತ್ತಸಂಚಯಗಳಲ್ಲಿ ಮೂರು ಪದಗಳಿವೆ, ರೋಮನ್ ಲಿಪಿಯ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕಾದವು: ಆರ್ (OR), ಆಂಡ್ (AND), ನಾಟ್ (NOT). ಒಂದೇ ವಸ್ತುವಿನ ಬೇರೆ ಬೇರೆ ಹೆಸರುಗಳ ನಡುವೆ ಆರ್. ಎರಡು ಬೇರೆ ವಸ್ತುಗಳ ನಡುವೆ ಆಂಡ್. ಅಡಿಕೆಯ ಎಲ್ಲ ಹೆಸರುಗಳನ್ನು ಆರ್ ಹಾಕಿ ಒಂದು ಆವರಣದಲ್ಲಿ, ರೋಗದ ಎಲ್ಲ ಹೆಸರುಗಳನ್ನು ಆರ್ ಹಾಕಿ ಇನ್ನೊಂದು ಆವರಣದಲ್ಲಿ ಬರೆದು, ಎರಡು ಆವರಣಗಳ ಮಧ್ಯೆ ಆಂಡ್ ಇಟ್ಟರೆ ಹುಡುಕಾಟದ ಸೂತ್ರ ಸಿದ್ಧ. ಎರಡು ಪದದ ಹೆಸರುಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಇಲ್ಲದಿದ್ದರೆ ‘ಫ್ರೂಟ್’ ಒಂದು ಕಡೆ ‘ರಾಟ್’ ಇನ್ನೊಂದು ಕಡೆ ಇರುವ ಮಾವಿನ ಲೇಖನವೂ ಸಿಗುತ್ತದೆ. ನಾಟ್ ಹಾಕಿ ಕಾಫಿಯನ್ನು ಹೊರಗಿಡಬಹುದು. ನನ್ನ ಮಟ್ಟಿಗೆ ನಾಟ್ ಅಪಾಯದ ಪದ. ಅಡಿಕೆಯ ಬಗ್ಗೆಯೇ ಬರೆದು ಒಂದು ಸಾಲಿನಲ್ಲಿ ಕಾಫಿಯನ್ನು ನೆನೆದ ಒಳ್ಳೆಯ ಲೇಖನವನ್ನೂ ಅದು ಓಡಿಸಿಬಿಡುತ್ತದೆ.

ಲೇಖನ ಬರೆದವರ ಸಂಸ್ಥೆಯ ಹೆಸರಿನಿಂದಲೂ ಹುಡುಕಬಹುದು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದದ್ದು 1970ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಎಲ್ಲರ ಬಾಯಲ್ಲಿ ಅದು ಸಿಪಿಸಿಆರ್‌ಐ. ಅಡಿಕೆಯ ಕೆಲಸ ಬಹಳಷ್ಟು ನಡೆದದ್ದು ಅದರ ವಿಟ್ಲ ಕೇಂದ್ರದಲ್ಲಿ, ಆದ್ದರಿಂದ ‘ವಿಟ್ಲ’ವೂ ಹುಡುಕುವ ಪದವೇ.

ಮನೆಯಲ್ಲಿ ಕುಳಿತು ತೆರೆದರೆ ಹಲವು ಲೇಖನಗಳು ಡಾಲರಿನಲ್ಲಿ ಹಣ ಕೇಳುತ್ತವೆ. ಕೊಡಬೇಡಿ. ಅದೇ ಲೇಖನಕ್ಕೆ ನಿಮ್ಮ ಗ್ರಂಥಾಲಯ ಆಗಲೇ ಚಂದಾ ಕಟ್ಟಿರಬಹುದು. ಕಾಲೇಜಿನ ಆವರಣದ ಜಾಲದಿಂದ ತೆರೆದರೆ ಉಚಿತ, ಮನೆಯಿಂದಾದರೆ ಗ್ರಂಥಾಲಯ ಕೊಟ್ಟ ಲಾಗಿನ್ ಮೂಲಕ. ಕಾಲೇಜುಗಳಿಗೆ ಇನ್‌ಫ್ಲಿಬ್‌ನೆಟ್ಟಿನ ಎನ್-ಲಿಸ್ಟ್ ಎಂಬ, ನಿಯತಕಾಲಿಕಗಳನ್ನು ಓದಲು ಕೊಡುವ ಯೋಜನೆ ಇದೆ. 2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದಿವೆ. ಇಷ್ಟಿದ್ದೂ ಲಾಗಿನ್ ಕೇಳಿ ಪಡೆಯದ ವಿದ್ಯಾರ್ಥಿಗಳೇ ಹೆಚ್ಚು ಎಂದು ನನ್ನ ಅನಿಸಿಕೆ.

ಒಂದು ಒಳ್ಳೆಯ ಲೇಖನ ಸಿಕ್ಕಿದ ಮೇಲೆ ಹುಡುಕುವ ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ಮರೆಯಬಹುದು. ಅದರ ಕೊನೆಯ ಆಕರಪಟ್ಟಿ ಹಿಂದಕ್ಕೆ ಕರೆದೊಯ್ಯುತ್ತದೆ. ಗೂಗಲ್ ಸ್ಕಾಲರಿನಲ್ಲಿ ಆ ಲೇಖನದ ಕೆಳಗಿರುವ ‘ಸೈಟೆಡ್ ಬೈ’ ಎಂಬ ಕೊಂಡಿ ಮುಂದಕ್ಕೆ, ಅಂದರೆ ಅದನ್ನು ಉಲ್ಲೇಖಿಸಿ ಆಮೇಲೆ ಬಂದ ಲೇಖನಗಳಿಗೆ, ಕರೆದೊಯ್ಯುತ್ತದೆ.

ಕನ್ನಡದ ಪಿಡಿಎಫ್

ಕನ್ನಡದಲ್ಲಿ ಬರೆದದ್ದನ್ನು ಹುಡುಕುವಾಗ ಮಾತ್ರ ಈ ಉಪಾಯಗಳು ಅರ್ಧಕ್ಕೆ ನಿಲ್ಲುತ್ತವೆ. ಎಲ್ಲ ಗಣಕಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಎಂಬ ಅಕ್ಷರ ಸಂಕೇತ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ ಸಿದ್ಧವಾದ ಪಿಡಿಎಫ್‌ಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರಕ್ಕೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸು. ಪರೀಕ್ಷಿಸುವುದು ಸುಲಭ: ಒಂದು ಸಾಲನ್ನು ನಕಲು ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಕನ್ನಡ ಬಂದರೆ ಯೂನಿಕೋಡ್, ಅರ್ಥವಿಲ್ಲದ ಅಕ್ಷರಗಳು ಬಂದರೆ ಹಳೆಯ ಫಾಂಟು, ಏನೂ ಬಾರದಿದ್ದರೆ ಪುಟದ ಬರೀ ಚಿತ್ರ. ಕೊನೆಯ ಎರಡು ಬಗೆಯವು ಒಳಗಿನ ಪದದಿಂದ ಸಿಗುವುದಿಲ್ಲ.

ಭಾರತದ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿರುವ ಕನ್ನಡ ಮಹಾಪ್ರಬಂಧಗಳ ಮಟ್ಟಿಗೆ ಇದು ದೊಡ್ಡ ತೊಡಕು. ಮಹಾಪ್ರಬಂಧದ ಡಿಜಿಟಲ್ ಪ್ರತಿಯನ್ನು ಸಲ್ಲಿಸಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ನಿಯಮ ಮಾಡಿದ ಮೇಲೆ ಅಲ್ಲಿ ಬಹಳಷ್ಟು ಸೇರಿದೆ, ಆದರೆ ಕನ್ನಡದ ಶೀರ್ಷಿಕೆ ಎಷ್ಟೋ ಕಡೆ ರೋಮನ್ ಲಿಪಿಯಲ್ಲಿದೆ, ‘ಅಧ್ಯಯನ’ಕ್ಕೆ ಅಲ್ಲಿ ನಾಲ್ಕಾರು ಕಾಗುಣಿತ. ಆದ್ದರಿಂದ ಅಲ್ಲಿ ಪದ ಹಾಕುವುದಕ್ಕಿಂತ ವಿಶ್ವವಿದ್ಯಾನಿಲಯ, ಅದರೊಳಗೆ ಕನ್ನಡ ವಿಭಾಗ ಎಂದು ಇಳಿದು ಪಟ್ಟಿಯನ್ನು ಕಣ್ಣಾಡಿಸುವುದೇ ಬೇಗ. ಪ್ರತಿ ಅಧ್ಯಾಯವೂ ಬೇರೆ ಕಡತವಾಗಿರುತ್ತದೆ. ಮೊದಲು ಗ್ರಂಥಋಣದ ಕಡತವನ್ನು ಇಳಿಸಿಕೊಳ್ಳಿ. ಐದಾರು ವರ್ಷ ಒಂದು ವಿಷಯದ ಹಿಂದೆ ಬಿದ್ದವರು ಕಲೆಹಾಕಿದ ಪಟ್ಟಿ ಅದು.

ಗಡಿನಾಡಿನವರಿಗೆ ಇಲ್ಲೊಂದು ಅನುಕೂಲವೂ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ಇಲ್ಲಿನ ಮಕ್ಕಳಲ್ಲಿ ಅನೇಕರಿಗೆ ಮಲಯಾಳ ಓದಲು ಬರುತ್ತದೆ. ತೆಯ್ಯಂ, ತುಳುನಾಡಿನ ಕೋಲ, ಕುಂಬಳೆ ಸೀಮೆಯ ದೇವಸ್ಥಾನಗಳು ಇವುಗಳ ಮೇಲೆ ಮಲಯಾಳದಲ್ಲಿ ಆದ ಕೆಲಸವನ್ನು ನೇರವಾಗಿ ಓದಬಲ್ಲ ಕನ್ನಡ ಸಂಶೋಧನಾರ್ಥಿ ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದಿಲ್ಲ.

ಸಿಕ್ಕಿದ್ದನ್ನು ತೂಗುವುದು

ಇಲ್ಲಿನ ಗೇರು ತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನ್ ಬಗ್ಗೆ ಹುಡುಕಿದರೆ ಸಿಗುವಷ್ಟು ಬರಹ ಕಾಸರಗೋಡಿನ ಬೇರೆ ವಿಷಯಗಳ ಬಗ್ಗೆ ಸಿಗಲಾರದು. ಸುದ್ದಿ, ಹೋರಾಟದ ಕರಪತ್ರ, ಕಂಪನಿಗಳ ಹೇಳಿಕೆ, ಸಮಿತಿಗಳ ವರದಿ, ವೈಜ್ಞಾನಿಕ ಲೇಖನ ಎಲ್ಲ ಒಟ್ಟಿಗೆ ಬಂದು ನಿಲ್ಲುತ್ತವೆ. ಯಾವುದು ಯಾವ ಜಾತಿಯ ಆಕರ ಎಂದು ಬೇರ್ಪಡಿಸಿಕೊಳ್ಳದಿದ್ದರೆ ಕೈಗೆ ಸಿಕ್ಕವರ ಮಾತು ನಮ್ಮ ಪ್ರಬಂಧದ ತೀರ್ಮಾನವಾಗುತ್ತದೆ.

ಇವುಗಳಲ್ಲಿ ಹೆಚ್ಚು ಹೆಸರಾದ ಒಂದು ಲೇಖನವನ್ನು ನೋಡೋಣ. ಗೇರು ತೋಟಗಳ ಬುಡದಲ್ಲಿರುವ ಹಳ್ಳಿಯೊಂದರ ಹುಡುಗರ ಮೇಲೆ ಸೈಯದ್ ಮತ್ತು ಇತರರು ನಡೆಸಿದ ಅಧ್ಯಯನ 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ನಿಯತಕಾಲಿಕದಲ್ಲಿ ಬಂತು. ಸಿಂಪಡಣೆಗೆ ಒಳಗಾದ ಕಡೆಯ 117 ಮಂದಿ, ಹೋಲಿಕೆಗೆ ಬೇರೆ ಕಡೆಯ 90 ಮಂದಿ, 10ರಿಂದ 19 ವರ್ಷದವರು. ಎಂಡೋಸಲ್ಫಾನಿನ ಸಂಪರ್ಕ ಹುಡುಗರ ಲೈಂಗಿಕ ಬೆಳವಣಿಗೆಯನ್ನು ತಡವಾಗಿಸಬಹುದು, ಹಾರ್ಮೋನು ಉತ್ಪತ್ತಿಗೆ ಅಡ್ಡಿ ಮಾಡಬಹುದು ಎಂಬುದು ಅವರ ತೀರ್ಮಾನ. ಮಾದರಿ ಸಣ್ಣದು, ಎಲ್ಲರೂ ಭಾಗವಹಿಸಲಿಲ್ಲ ಎಂಬ ಮಿತಿಯನ್ನು ಲೇಖಕರೇ ಸಾರಲೇಖದಲ್ಲಿ ಬರೆದಿದ್ದಾರೆ. ಇದಕ್ಕೆ ಬಂದ ಆಕ್ಷೇಪಣೆಯ ಪತ್ರಗಳೂ ಲೇಖಕರ ಉತ್ತರವೂ ಅದೇ ನಿಯತಕಾಲಿಕದಲ್ಲಿವೆ.

ಈ ಲೇಖನವನ್ನು ಹೆಸರಿಸುವ ಬರಹಗಳಲ್ಲಿ ‘ಬಹುದು’ ಮಾಯವಾಗಿ ‘ಸಾಬೀತಾಗಿದೆ’ ಎಂದಾಗುತ್ತದೆ. ಎದುರು ಪಕ್ಷದವರ ಬರಹಗಳಲ್ಲಿ ಮಿತಿಯೊಂದೇ ಉಳಿದು ತೀರ್ಮಾನ ಮಾಯವಾಗುತ್ತದೆ. ಎರಡೂ ಮೂಲವನ್ನು ಓದದವರ ಕೆಲಸ. ಪೀಡಿತರ ಕಷ್ಟ ನಿಜವೋ ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಅದನ್ನು ನೋಡಲು ಗ್ರಂಥಾಲಯಕ್ಕೆ ಹೋಗಬೇಕಾಗಿಲ್ಲ. ಈ ಲೇಖನ ಏನನ್ನು ತೋರಿಸಿದೆ, ಎಷ್ಟನ್ನು ತೋರಿಸಿದೆ ಎಂಬುದು ಪ್ರಶ್ನೆ. ಅದಕ್ಕೆ ಮೂಲವನ್ನೇ ತೆರೆಯಬೇಕು. ಇದನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು.

ಸಮಿತಿಗಳ ವರದಿಗಳ ಕಥೆ ಬೇರೆ. ಅವು ನಿಯತಕಾಲಿಕದಲ್ಲಿ ಬರುವುದಿಲ್ಲ, ದತ್ತಸಂಚಯದಲ್ಲಿ ಸಿಗುವುದಿಲ್ಲ, ಹೆಚ್ಚಿನವಕ್ಕೆ ಪ್ರಕಾಶಕರೇ ಇಲ್ಲ. ಸರ್ಕಾರಿ ಕಚೇರಿ, ನ್ಯಾಯಾಲಯದ ಕಡತ, ಯಾರದೋ ಖಾಸಗಿ ಸಂಗ್ರಹ ಎಲ್ಲಿ ನೋಡಿದಿರಿ ಎಂಬುದನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಬೇಕು.

ಹಾಗೆಯೇ, ಹಣ ತೆಗೆದುಕೊಂಡು ಎರಡೇ ದಿನದಲ್ಲಿ ಏನನ್ನೂ ಪ್ರಕಟಿಸುವ ಹುಸಿ ನಿಯತಕಾಲಿಕಗಳಿವೆ. ಹೆಸರಿನಲ್ಲಿ ‘ಅಂತರರಾಷ್ಟ್ರೀಯ’ ಇರುತ್ತದೆ, ಸಂಪಾದಕ ಮಂಡಳಿಯ ವಿಳಾಸ ಇರುವುದಿಲ್ಲ. ಹೆಚ್ಚು ಹೇಳಬೇಕಾಗಿಲ್ಲ.

ವಿಳಾಸ ಬರೆಯುವುದು

ಉಲ್ಲೇಖದಲ್ಲಿ ಇರಬೇಕಾದದ್ದು ಯಾರು, ಯಾವಾಗ, ಏನು, ಎಲ್ಲಿ ಎಂಬ ನಾಲ್ಕು. ಮೇಲಿನ ಲೇಖನವನ್ನೇ ತೆಗೆದುಕೊಂಡರೆ ಸೈಯದ್ ಮತ್ತು ಇತರರು, 2003, ಲೇಖನದ ಶೀರ್ಷಿಕೆ, ಆಮೇಲೆ ನಿಯತಕಾಲಿಕದ ಹೆಸರು, ಸಂಪುಟ 111, ಸಂಚಿಕೆ 16, ಪುಟ 1958–1962. ಬರಹದ ನಡುವೆ ‘ಸೈಯದ್ ಮತ್ತು ಇತರರು 2003’ ಎಂಬ ಚಿಕ್ಕ ಸೂಚನೆ, ಕೊನೆಯ ಪಟ್ಟಿಯಲ್ಲಿ ಪೂರ್ಣ ವಿವರ. ನಡುವೆ ಬಂದದ್ದೆಲ್ಲ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿದ್ದದ್ದೆಲ್ಲ ನಡುವೆ ಬಂದಿರಬೇಕು. ಮಾತನ್ನು ಯಥಾವತ್ತಾಗಿ ಎತ್ತಿಕೊಂಡರೆ ಪುಟಸಂಖ್ಯೆ ಕಡ್ಡಾಯ. ನಾನೂರು ಪುಟದ ಪುಸ್ತಕದ ಹೆಸರು ಹೇಳಿ ಪುಟ ಹೇಳದಿರುವುದು ‘ಉಪ್ಪಳದ ಹತ್ತಿರ ಮನೆ’ ಎಂದು ಹೇಳಿ ನೆಂಟರನ್ನು ಕರೆದಂತೆ.

ಎಪಿಎ, ಎಂಎಲ್‌ಎ, ಶಿಕಾಗೋ ಎಂಬ ಶೈಲಿಗಳ ವ್ಯತ್ಯಾಸ ಈ ನಾಲ್ಕರ ಅನುಕ್ರಮದಲ್ಲಿ, ಅಲ್ಪವಿರಾಮ ಪೂರ್ಣವಿರಾಮಗಳಲ್ಲಿ. ವಿಭಾಗದವರು ಯಾವುದು ಹೇಳುತ್ತಾರೋ ಅದನ್ನು ಹಿಡಿದು ಕೊನೆಯವರೆಗೆ ಬಿಡದಿದ್ದರಾಯಿತು. ಕನ್ನಡದ ಆಕರಗಳಿಗೆ ಬಂದಾಗ ಮಾತ್ರ ಈ ಶೈಲಿಗಳು ಕೈಕೊಡುತ್ತವೆ. ಅವು ಕುಲನಾಮವನ್ನು ಮುಂದೆ ತರಲು ಹೇಳುತ್ತವೆ. ಪೈ, ರೈ, ಭಟ್ಟ ಇದ್ದವರಿಗೆ ಸರಿ, ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಮಾತ್ರ ಇರುವವರಿಗೆ ಏನನ್ನು ತಿರುಗಿಸುವುದು? ಕನ್ನಡದ ಪ್ರಬಂಧವಾದರೆ ಮುಖಪುಟದಲ್ಲಿದ್ದಂತೆಯೇ ಹೆಸರು ಬರೆದು ಅಕಾರಾದಿಯಾಗಿ ಜೋಡಿಸುವುದು ಸಹಜ ಎಂಬುದು ನನ್ನ ಪಕ್ಷ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಕ್ಷರಗಳನ್ನು ಹೆಸರಿನ ಕೊನೆಗೆ ಹಾಕಿದರೆ ಸಾಕು.

ಮರುಮುದ್ರಣದ ವಿಷಯದಲ್ಲಿ ಎಚ್ಚರ ಬೇಕು. ಕೈಯಲ್ಲಿರುವ ಪುಸ್ತಕದಲ್ಲಿ 2010 ಎಂದಿದ್ದರೂ ಮೊದಲ ಮುದ್ರಣ 1930ರದ್ದಾಗಿದ್ದರೆ, 2010 ಎಂದಷ್ಟೇ ಬರೆದಾಗ ಲೇಖಕರು ನೋಡದ ಕಾಲವನ್ನು ಅವರ ತಲೆಗೆ ಕಟ್ಟಿದಂತಾಗುತ್ತದೆ. ಎರಡೂ ವರ್ಷ ಕೊಡಿ, ಪುಟ ಮಾತ್ರ ಕೈಯಲ್ಲಿರುವ ಮುದ್ರಣದ್ದು. ವರ್ಷವೇ ಇಲ್ಲದ ಹಳೆಯ ಪುಸ್ತಕಕ್ಕೆ ವರ್ಷ ಇಲ್ಲವೆಂದೇ ಬರೆಯಿರಿ. ಪುಸ್ತಕ ಹಿಂತಿರುಗಿಸುವ ಮೊದಲು ಒಳಗಿನ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ಕೊನೆಯ ವಾರದ ಓಡಾಟ ತಪ್ಪುತ್ತದೆ. 1894ರ ಮ್ಯಾನುಯಲ್ಲಿನ ಮಾತನ್ನು ಬೇರೊಬ್ಬರ ಪುಸ್ತಕದಲ್ಲಿ ಓದಿದ್ದರೆ ಆ ಬೇರೊಬ್ಬರ ಹೆಸರನ್ನೂ ಹೇಳಬೇಕು. ಮ್ಯಾನುಯಲ್ಲನ್ನೇ ಓದಿದಂತೆ ಬರೆದರೆ ಅವರು ಮಾಡಿದ ತಪ್ಪು ನಿಮ್ಮದಾಗುತ್ತದೆ. ಭೂತದ ಪಾತ್ರಿಯವರಿಂದಲೋ ಪಾಡ್ದನ ಹಾಡುವ ಅಜ್ಜಿಯಿಂದಲೋ ಕೇಳಿದ್ದಾದರೆ ಅವರ ಒಪ್ಪಿಗೆ ಪಡೆದು ಹೆಸರು, ಊರು, ದಿನಾಂಕ ನಮೂದಿಸುವುದು ಕ್ರಮ.

ಆಕರಗಳನ್ನು ಕೂಡಿಟ್ಟು ಬೇಕಾದ ಶೈಲಿಯಲ್ಲಿ ಪಟ್ಟಿ ಮಾಡಿಕೊಡುವ ಝೊಟೆರೊ ಉಚಿತ ತಂತ್ರಾಂಶ, ಕನ್ನಡ ಯೂನಿಕೋಡನ್ನೂ ಒಪ್ಪುತ್ತದೆ. ಕನ್ನಡ ಪುಸ್ತಕಗಳ ವಿವರವನ್ನು ಹೆಚ್ಚಾಗಿ ಕೈಯಿಂದಲೇ ತುಂಬಬೇಕು.

ಇನ್ನು ಕೃತಿಚೌರ್ಯ. ಯುಜಿಸಿಯ 2018ರ ನಿಯಮದಂತೆ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40 ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆಕರ ಹೇಳಿ ಉದ್ಧರಿಸಿದ್ದು, ಗ್ರಂಥಸೂಚಿ ಮೊದಲಾದವು ಲೆಕ್ಕಕ್ಕಿಲ್ಲ. ಈ ನಿಯಮವನ್ನು ‘ಹತ್ತರಷ್ಟು ಕದಿಯಬಹುದು’ ಎಂದು ಓದಿಕೊಂಡವರಿದ್ದಾರೆ. ತಂತ್ರಾಂಶ ಅಳೆಯುವುದು ಪದಗಳ ಹೋಲಿಕೆಯನ್ನು. ಮಲಯಾಳದ ಲೇಖನವನ್ನು ಕನ್ನಡಕ್ಕೆ ತಂದು ಹೆಸರು ಹೇಳದೆ ಬರೆದರೆ ಅದು ಶೂನ್ಯ ತೋರಿಸಬಹುದು. ಎರಡು ಭಾಷೆ ಬಲ್ಲ ನಮ್ಮವರಿಗೆ ಇದು ದೊಡ್ಡ ಆಸೆ. ಅನುವಾದ ತಮ್ಮದು, ವಿಚಾರ ಇಂಥವರದು ಎಂದು ಒಂದು ಸಾಲು ಬರೆದರೆ ಅದೇ ಕೆಲಸ ಪ್ರಬಂಧದ ಹೆಗ್ಗಳಿಕೆಯಾಗುತ್ತದೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳನ್ನು ಆಕರಪಟ್ಟಿ ಕೇಳುವವರು ಈಗ ಹೆಚ್ಚುತ್ತಿದ್ದಾರೆ. ಅವು ನಿಜವಾದ ಲೇಖಕರ ಹೆಸರು, ನಿಜವಾದ ನಿಯತಕಾಲಿಕ, ನಂಬುವಂಥ ಪುಟಸಂಖ್ಯೆ ಜೋಡಿಸಿ ಎಂದೂ ಬರೆಯದ ಲೇಖನವನ್ನು ಹುಟ್ಟಿಸಬಲ್ಲವು. ಕನ್ನಡದ ವಿಷಯಗಳಲ್ಲಿ ಅಪಾಯ ಹೆಚ್ಚು, ಏಕೆಂದರೆ ಜಾಲದಲ್ಲಿ ಇರುವುದೇ ಕಡಿಮೆ. ಹುಡುಕುವ ಪದಗಳನ್ನು ಸೂಚಿಸಲು ಅವುಗಳನ್ನು ಕೇಳಬಹುದು, ಆಕರವನ್ನಲ್ಲ. ಲೇಖನಕ್ಕೆ ಡಿಒಐ ಎಂಬ ಶಾಶ್ವತ ಗುರುತು ಸಂಖ್ಯೆ ಇದ್ದರೆ ತೆರೆದು ನೋಡಿ, ಪುಸ್ತಕವಾದರೆ ಯಾವುದಾದರೂ ಗ್ರಂಥಾಲಯದ ಸೂಚಿಯಲ್ಲಿ ಇದೆಯೇ ಎಂದು ನೋಡಿ. ಎರಡೂ ಕಡೆ ಇಲ್ಲದ್ದನ್ನು ಪಟ್ಟಿಗೆ ಸೇರಿಸಬೇಡಿ.

ಇಷ್ಟೆಲ್ಲ ಆದರೂ ಸಿಗದಿದ್ದರೆ ಪರಾಮರ್ಶನ ವಿಭಾಗದ ಮೇಜಿಗೆ ಹೋಗಿ. ‘ಕಾಸರಗೋಡಿನ ಬಗ್ಗೆ ಏನಾದರೂ ಇದೆಯೇ’ ಎಂದು ಕೇಳಿದರೆ ಅವರೂ ನಿಮ್ಮಂತೆ ಊಹಿಸಬೇಕಾಗುತ್ತದೆ. ‘1930ರ ದಶಕದ ಮದರಾಸು ಶಿಕ್ಷಣ ಇಲಾಖೆಯ ವರದಿಗಳಲ್ಲಿ ಸೌತ್ ಕೆನರಾದ ಭಾಗ ಬೇಕು, ಈ ಪದಗಳಿಂದ ಹುಡುಕಿದೆ, ಇಷ್ಟು ಸಿಕ್ಕಿತು’ ಎಂದು ಹಾಳೆಯನ್ನು ಮುಂದಿಟ್ಟರೆ ಅವರ ಕೈಗೆ ಹಿಡಿ ಸಿಗುತ್ತದೆ. ತಮ್ಮಲ್ಲಿ ಇಲ್ಲದ್ದನ್ನು ಡೆಲ್‌ನೆಟ್‌ನಂಥ ಗ್ರಂಥಾಲಯ ಜಾಲಗಳ ಮೂಲಕ ಬೇರೆ ಕಡೆಯಿಂದ ಎರವಲು ತರಿಸಲು, ಅಧ್ಯಾಯದ ಪ್ರತಿ ತರಿಸಲು ಹಲವು ಗ್ರಂಥಾಲಯಗಳಲ್ಲಿ ಏರ್ಪಾಡಿದೆ. ಅದಕ್ಕೆ ವಾರಗಳು ಹಿಡಿಯುವುದರಿಂದ ಸಲ್ಲಿಕೆಯ ತಿಂಗಳಿಗಿಂತ ಮೊದಲೇ ಅರ್ಜಿ ಕೊಟ್ಟಿರಬೇಕು.